ಅರ್ಜಿಯೊಂದರ ಪಯಣ

ಕೇಳುವವನಿಗೂ ಕೊಡುವವನಿಗೂ ನಡುವೆ ಒಂದು ಬರವಣಿಗೆ ಇರಬೇಕೆಂಬ ನಿಯಮ ತುಂಗಭದ್ರೆಯ ದಂಡೆಯ ಈ ನಾಡಿಗೆ ಹೊಸದಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿರುವ ಕೃಷ್ಣದೇವರಾಯನ ಶಾಸನವನ್ನಾಗಲಿ, ಸುತ್ತಲ ಊರುಗಳಲ್ಲಿ ದೊರೆತಿರುವ ದಾನಶಾಸನಗಳನ್ನಾಗಲಿ ಪರಿಶೀಲಿಸಿದರೆ ಅವುಗಳಲ್ಲೆಲ್ಲ ಒಂದು ಕ್ರಮ ಎದ್ದು ಕಾಣುತ್ತದೆ. ಮೊದಲು ದೇವತಾಸ್ತುತಿ, ಅನಂತರ ಶಕವರ್ಷ, ಮಾಸ, ತಿಥಿ. ಆಳುವ ಅರಸನಾರು, ದಾನವಿತ್ತವನಾರು, ಪಡೆದವನಾರು, ಕೊಟ್ಟ ಭೂಮಿಯ ಚತುಸ್ಸೀಮೆ ಯಾವುದು. ಕೊನೆಯಲ್ಲಿ ದತ್ತಿಯನ್ನು ಕೆಡಿಸಿದವನಿಗೆ ಶಾಪ. ಯಾವ ವಿಷಯ ಯಾವ ಸ್ಥಾನದಲ್ಲಿರಬೇಕೆಂಬುದನ್ನು ಕಂಡರಿಸಿದವನೂ ಬಲ್ಲವನಾಗಿದ್ದನು, ಓದುವವನೂ ಬಲ್ಲವನಾಗಿದ್ದನು. ಬರೆದವನಿಗೂ ಓದುವವನಿಗೂ ನಡುವೆ ಇದ್ದ ಈ ಮೌನ ಒಪ್ಪಂದದಿಂದಲೇ ಐನೂರು ವರ್ಷಗಳ ಬಳಿಕವೂ ಶಾಸನದ ಸಾಲುಗಳು ಅರ್ಥವನ್ನು ಬಿಟ್ಟುಕೊಡುತ್ತಿವೆ.

ಕಲ್ಲಿನ ಕಾಲ ಮುಗಿದು ಕಾಗದದ ಕಾಲ ಬಂದಾಗಲೂ ಒಪ್ಪಂದ ಬದಲಾಗಲಿಲ್ಲ. ೧೮೦೦ರಲ್ಲಿ ನಿಜಾಮನಿಂದ ಕಂಪೆನಿ ಸರ್ಕಾರಕ್ಕೆ ಹಸ್ತಾಂತರವಾದ ಬಳ್ಳಾರಿ ಸೀಮೆಗೆ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ೧೮೦೭ರವರೆಗೆ ಇಲ್ಲಿದ್ದು ಹೊಲಹೊಲವನ್ನೂ ಅಳೆಯಿಸಿ, ಅದರ ವಿಸ್ತೀರ್ಣವನ್ನೂ ಸಾಗುವಳಿದಾರನನ್ನೂ ಕಂದಾಯವನ್ನೂ ಲೆಕ್ಕಕ್ಕೆ ತರಿಸಿದನು. ೧೯೪೯ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಸಂಡೂರು ಮೊದಲು ಮದ್ರಾಸ್ ಪ್ರಾಂತಕ್ಕೆ ಸೇರಿ, ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯ ಬಹುಭಾಗದೊಡನೆ ಮೈಸೂರು ರಾಜ್ಯಕ್ಕೆ ಬಂದಿತು. ೧೯೬೪ರ ಭೂಕಂದಾಯ ಅಧಿನಿಯಮವು ಜಾರಿಗೆ ಬಂದ ಮೇಲೆ ನಮೂನೆ ಸಂಖ್ಯೆ ೧೬, ಅಂದರೆ ಪಹಣಿ, ರೈತನ ಬದುಕಿನ ಕನ್ನಡಿಯಾಯಿತು. ಹೊಸ ಶತಮಾನದ ಹೊಸ್ತಿಲಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಅಂದಿನ ೧೭೭ ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿ ದಾಖಲೆಗಳನ್ನು ಗಣಕಯಂತ್ರಕ್ಕೆ ಇಳಿಸಿತು. ಕಿಟಕಿಯ ಮುಂದೆ ಹದಿನೈದು ರೂಪಾಯಿ ಕೊಟ್ಟ ರೈತನ ಕೈಗೆ ಅಚ್ಚಾದ ಪ್ರತಿ ಬರುವಂತಾಯಿತು. ಈಗ ಕಾಗದವೂ ಹಿಂದೆ ಸರಿಯುತ್ತಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಬೆಳೆ ಪರಿಹಾರ, ಹಂಪಿಯ ಸ್ಮಾರಕಗಳ ಪ್ರವೇಶ ಚೀಟಿ, ಎಲ್ಲವೂ ಪರದೆಯ ಮೇಲಣ ಚೌಕಗಳನ್ನು ತುಂಬಿ ‘ಸಲ್ಲಿಸು’ ಎಂಬ ಗುಂಡಿಯನ್ನು ಒತ್ತುವುದರಿಂದ ಆರಂಭವಾಗುತ್ತವೆ.

ಗುಂಡಿಯನ್ನು ಒತ್ತಿದ ಕ್ಷಣಕ್ಕೂ ಉತ್ತರ ಬರುವ ಕ್ಷಣಕ್ಕೂ ನಡುವೆ ಏನು ನಡೆಯುತ್ತದೆಂಬುದನ್ನು ಬಹುಮಂದಿ ವಿಚಾರಿಸುವುದಿಲ್ಲ. ಕೆಲಸ ಆಗದಿದ್ದಾಗ ಸೇವಾಕೇಂದ್ರಗಳ ಮುಂದೆ ಕೇಳಿಬರುವುದು ಎರಡೇ ಮಾತು: ‘ಕಂಪ್ಯೂಟರ್ ತಗೊಳ್ತಿಲ್ಲ’ ಎಂಬುದೊಂದು, ‘ಸರ್ವರ್ ಡೌನ್’ ಎಂಬುದು ಇನ್ನೊಂದು. ಮಳೆ ಬಾರದ್ದಕ್ಕೆ ಆಕಾಶವನ್ನು ನೋಡಿ ಸುಮ್ಮನಾಗುವಂತೆ ಜನ ಈ ಮಾತನ್ನು ಕೇಳಿ ಸುಮ್ಮನಾಗಿ ಊರಿಗೆ ಮರಳುತ್ತಾರೆ. ಆದರೆ ಯಂತ್ರವು ಆಕಾಶದಂತಲ್ಲ. ಅದು ಏನನ್ನು ಕೇಳಬೇಕು, ಏನನ್ನು ಸ್ವೀಕರಿಸಬೇಕು, ಏನನ್ನು ತಿರಸ್ಕರಿಸಬೇಕೆಂಬುದನ್ನು ಎಲ್ಲಿಯೋ ಕುಳಿತ ಮನುಷ್ಯನೊಬ್ಬನು ಮುಂಚಿತವಾಗಿಯೇ ಬರೆದಿಟ್ಟಿರುತ್ತಾನೆ. ಆ ಬರಹದ ಸ್ವರೂಪವನ್ನು ಅರಿತುಕೊಂಡರೆ ಯಂತ್ರದ ತಪ್ಪೆಂದು ತಳ್ಳಿಹಾಕುವ ಎಷ್ಟೋ ಸಂಗತಿಗಳು ಮನುಷ್ಯನು ತಿದ್ದಬಹುದಾದ ಸಂಗತಿಗಳೆಂಬುದು ತಿಳಿದುಬರುತ್ತದೆ.

ನಿದರ್ಶನಕ್ಕಾಗಿ ೨೦೦೭ರಲ್ಲಿ ಕಂಪ್ಲಿಯಲ್ಲಿ ಹುಟ್ಟಿದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಬಹುದು. ಅವಳ ತಂದೆ ನದಿಬದಿಯ ಗದ್ದೆಯಲ್ಲಿ ಭತ್ತ ಬೆಳೆಯುವ ಸಣ್ಣ ರೈತ. ಅವಳ ಜನನ ಪತ್ರದಲ್ಲಿ ‘ಹೊಸಪೇಟೆ ತಾಲ್ಲೂಕು, ಬಳ್ಳಾರಿ ಜಿಲ್ಲೆ’ ಎಂದು ಕನ್ನಡದಲ್ಲಿಯೂ, ‘ಹಾಸ್ಪೆಟ್, ಬೆಲ್ಲಾರಿ’ ಎಂದು ಇಂಗ್ಲಿಷಿನಲ್ಲಿಯೂ ಬರೆದಿದೆ. ೨೦೧೪ರ ನವೆಂಬರ್ ೧ರಂದು ರಾಜ್ಯದ ಹನ್ನೆರಡು ನಗರಗಳ ಹೆಸರು ಕನ್ನಡದ ಉಚ್ಚಾರಣೆಗೆ ತಿದ್ದಲ್ಪಟ್ಟಾಗ ಇಂಗ್ಲಿಷಿನಲ್ಲಿಯೂ ಅವು ಹೊಸಪೇಟೆ ಮತ್ತು ಬಳ್ಳಾರಿಗಳಾದವು. ೨೦೧೭–೧೮ರಲ್ಲಿ ಹೊಸ ತಾಲ್ಲೂಕುಗಳು ರಚನೆಯಾದಾಗ ಕಂಪ್ಲಿಯೇ ಒಂದು ತಾಲ್ಲೂಕಾಯಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆ ಉದಯಿಸಿ ಹೊಸಪೇಟೆ ಅದರ ಕೇಂದ್ರವಾಯಿತು. ಹಂಪಿಯೂ ಆ ಜಿಲ್ಲೆಗೆ ಹೋಯಿತು. ಕಂಪ್ಲಿ ಮತ್ತು ಸಂಡೂರುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಹುಡುಗಿ ಹುಟ್ಟಿದ ಮನೆಯ ಹೊಸ್ತಿಲನ್ನು ಬಿಟ್ಟು ಎಲ್ಲಿಯೂ ವಾಸಕ್ಕೆ ಹೋದವಳಲ್ಲ. ಆದರೂ ಅವಳ ವಿಳಾಸ ಎರಡು ಬಾರಿ ಬದಲಾಗಿದೆ. ಕಾಲೇಜಿನ ವಿದ್ಯಾರ್ಥಿವೇತನಕ್ಕೆಂದು ಅವಳು ಪರದೆಯ ಮುಂದೆ ಕುಳಿತಾಗ ಜಿಲ್ಲೆಯ ಚೌಕದಲ್ಲಿ ಬಳ್ಳಾರಿಯನ್ನು ಆರಿಸಿದರೆ ತಾಲ್ಲೂಕಿನ ಪಟ್ಟಿಯಲ್ಲಿ ಹೊಸಪೇಟೆ ಇರುವುದಿಲ್ಲ. ಹೊಸಪೇಟೆಯೇ ಬೇಕೆಂದರೆ ಜಿಲ್ಲೆ ವಿಜಯನಗರವೆನ್ನಬೇಕು, ಅದು ಅವಳ ಜಿಲ್ಲೆಯಲ್ಲ. ಅವಳ ಹಳೆಯ ದಾಖಲೆಯ ಜೋಡಿ ಇಂದಿನ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಇಂಥವಳ ಅರ್ಜಿ ಪರದೆಯಿಂದ ಹೊರಟು ಎಲ್ಲಿಗೆ, ಹೇಗೆ ತಲುಪುತ್ತದೆಂಬುದೇ ಇಲ್ಲಿನ ವಿಚಾರ.

ಪರದೆಯ ಮೇಲೆ ಕಾಣುವ ಪ್ರತಿಯೊಂದು ಚೌಕಕ್ಕೂ ಎರಡು ಹೆಸರುಗಳಿರುತ್ತವೆ. ‘ತಂದೆಯ ಹೆಸರು’ ಎಂದು ಚೌಕದ ಪಕ್ಕದಲ್ಲಿ ಅಚ್ಚಾಗಿ ಕಾಣುವುದು ಓದುವ ಮನುಷ್ಯನಿಗಾಗಿ ಇಟ್ಟದ್ದು. ಕಣ್ಣಿಗೆ ಕಾಣದಂತೆ ಪುಟದ ಒಳಗೆ ಬರೆದಿರುವ ಇನ್ನೊಂದು ಹೆಸರು ಯಂತ್ರಕ್ಕಾಗಿ. ಗುಂಡಿಯನ್ನು ಒತ್ತಿದೊಡನೆ ಬ್ರೌಸರ್ ಎಂಬ ತಂತ್ರಾಂಶವು ಈ ಒಳಹೆಸರನ್ನೂ, ಚೌಕದಲ್ಲಿ ತುಂಬಿದ ಮಾತನ್ನೂ ಜೋಡಿ ಮಾಡಿ, ನಡುವೆ ಸಮ ಚಿಹ್ನೆಯಿಟ್ಟು, ಜೋಡಿಗಳನ್ನು ಒಂದರ ಹಿಂದೊಂದು ಪೋಣಿಸಿ ಕಳುಹಿಸುತ್ತದೆ. ಒಳಹೆಸರಿಲ್ಲದ ಚೌಕದಲ್ಲಿ ಏನನ್ನು ಬರೆದರೂ ಅದು ಹೊರಡುವುದೇ ಇಲ್ಲ. ಗುರುತು ಹಾಕುವ ಚಿಕ್ಕ ಚೌಕಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಗುರುತು ಹಾಕಿದರೆ ‘ಹೌದು’ ಎಂಬುದು ಹೋಗುತ್ತದೆ. ಹಾಕದಿದ್ದರೆ ‘ಇಲ್ಲ’ ಎಂಬುದು ಹೋಗುವುದಿಲ್ಲ, ಏನೂ ಹೋಗುವುದಿಲ್ಲ. ‘ನಿನಗೆ ಅಂಗವೈಕಲ್ಯವಿದೆಯೇ?’ ಎಂಬ ಪ್ರಶ್ನೆಗೆ ಗುರುತಿಲ್ಲದಿದ್ದರೆ, ಆಕೆ ಇಲ್ಲವೆಂದಳೋ, ಪ್ರಶ್ನೆಯನ್ನು ನೋಡಲೇ ಇಲ್ಲವೋ ಎಂಬುದನ್ನು ತಿಳಿಯಲು ಆ ಒಂದು ಚೌಕದಿಂದ ಸಾಧ್ಯವಿಲ್ಲ. ಹೌದು, ಇಲ್ಲ ಎಂದು ಎರಡು ಉತ್ತರಗಳನ್ನೂ ಮುಂದಿಟ್ಟು ಒಂದನ್ನು ಆರಿಸಲು ಹೇಳುವ ಪುಟವು ಮಾತ್ರ ಈ ಸಂದೇಹಕ್ಕೆ ಎಡೆಗೊಡುವುದಿಲ್ಲ.

ಕಾಗದದ ಅರ್ಜಿಗೆ ಒಂದು ಔದಾರ್ಯವಿತ್ತು. ಅಂಚಿನಲ್ಲಿ ಜಾಗವಿತ್ತು. ತಾಲ್ಲೂಕು ಕಚೇರಿಯ ಮುಂದೆ ಕುಳಿತು ಬರೆಯುತ್ತಿದ್ದ ಪತ್ರ ಬರಹಗಾರನು, ನಮೂನೆಯಲ್ಲಿ ಕೇಳಿರದ ಸಂಗತಿಯನ್ನು ಕೆಳಗೆ ‘ವಿಶೇಷ ಸೂಚನೆ’ ಎಂದು ಬರೆದು, ‘ಸದರಿ ಗ್ರಾಮವು ಮೊದಲು ಹೊಸಪೇಟೆ ತಾಲ್ಲೂಕಿಗೆ ಸೇರಿತ್ತು’ ಎಂಬ ಒಂದು ಸಾಲನ್ನು ಸೇರಿಸಬಲ್ಲವನಾಗಿದ್ದನು. ಗುಮಾಸ್ತನು ಅದನ್ನು ಓದಿ ತಲೆದೂಗಬಹುದಾಗಿತ್ತು. ಪರದೆಗೆ ಅಂಚಿಲ್ಲ. ಕೇಳಿದ್ದಷ್ಟೇ ಉತ್ತರ, ಕೇಳದ್ದು ಲೋಕದಲ್ಲಿಯೇ ಇಲ್ಲ. ಆದ್ದರಿಂದ ಚೌಕಗಳನ್ನು ರೂಪಿಸುವವನ ಹೊಣೆ ಹಳೆಯ ನಮೂನೆ ಅಚ್ಚುಹಾಕಿಸಿದವನ ಹೊಣೆಗಿಂತ ಹೆಚ್ಚಿನದು. ಅವನು ಬಿಟ್ಟುಹೋದುದನ್ನು ತುಂಬಿಕೊಡಲು ದಾರಿಯಲ್ಲಿ ಯಾರೂ ಇರುವುದಿಲ್ಲ.

ಕನ್ನಡದಲ್ಲಿ ಬರೆದ ಮಾತು ತಂತಿಯ ಮೇಲೆ ಸಾಗುವ ಬಗೆಯೂ ತಿಳಿಯತಕ್ಕದ್ದು. ಯಂತ್ರವು ಅಕ್ಷರಗಳನ್ನು ಅರಿಯದು. ಸಂಖ್ಯೆಗಳನ್ನು ಮಾತ್ರ ಅರಿಯುವುದು. ಹಿಂದಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು ಅವುಗಳಿಗೆ ಕನ್ನಡದ ರೂಪ ತೊಡಿಸುತ್ತಿದ್ದುದರಿಂದ, ಒಂದು ಯಂತ್ರದಲ್ಲಿ ಕನ್ನಡವಾಗಿ ಕಂಡದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗುತ್ತಿತ್ತು. ಯೂನಿಕೋಡ್ ಪದ್ಧತಿಯು ಕನ್ನಡದ ಪ್ರತಿಯೊಂದು ಮೂಲಚಿಹ್ನೆಗೂ ತನ್ನದೇ ಸಂಖ್ಯೆಯನ್ನು ಕೊಟ್ಟು ಈ ಗೊಂದಲವನ್ನು ನೀಗಿತು. ಜಾಲದಲ್ಲಿ ಇಂದು ಸರ್ವತ್ರ ಬಳಕೆಯಲ್ಲಿರುವ ಯುಟಿಎಫ್–೮ ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟುಗಳು ಬೇಕು. ‘ಹಂಪಿ’ ಎಂಬುದರಲ್ಲಿ ಹಕಾರ, ಸೊನ್ನೆ, ಪಕಾರ, ಇಕಾರದ ಗುಡಿಸು ಎಂದು ನಾಲ್ಕು ಚಿಹ್ನೆಗಳು, ಹನ್ನೆರಡು ಬೈಟುಗಳು.

‘ಹೊಸಪೇಟೆ’ ಎಂಬ ಹೆಸರಿನಲ್ಲಿ ಇನ್ನೊಂದು ಸ್ವಾರಸ್ಯ ಅಡಗಿದೆ. ‘ಹೊ’ ಎಂಬಲ್ಲಿನ ಒಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎಕಾರದ ಏತ್ವ ಮತ್ತು ಊಕಾರದ ಕೊಂಬುಗಳೆಂಬ ಎರಡು ಚಿಹ್ನೆಗಳನ್ನು ಸೇರಿಸಿಯೂ ಬರೆಯಬಹುದು. ‘ಪೇ’ ಎಂಬಲ್ಲಿನ ದೀರ್ಘವೂ ಹಾಗೆಯೇ. ಮೊದಲ ಬಗೆಯಲ್ಲಿ ಹೊಸಪೇಟೆ ಏಳು ಚಿಹ್ನೆಗಳ ಹೆಸರು, ಇಪ್ಪತ್ತೊಂದು ಬೈಟು; ಎರಡನೆಯ ಬಗೆಯಲ್ಲಿ ಒಂಬತ್ತು ಚಿಹ್ನೆ, ಇಪ್ಪತ್ತೇಳು ಬೈಟು. ಕಣ್ಣಿಗೆ ಎರಡೂ ಒಂದೇ. ಯಂತ್ರವು ಮಾತ್ರ ಎರಡನ್ನೂ ಹೋಲಿಸಿ ‘ಇವು ಬೇರೆ ಬೇರೆ’ ಎಂದುಬಿಡುತ್ತದೆ. ಇವೆರಡನ್ನೂ ಒಂದೇ ರೂಪಕ್ಕೆ ತಂದುಕೊಂಡು ಹೋಲಿಸುವ ವಿಧಾನವನ್ನು ಯೂನಿಕೋಡ್ ಪಂಡಿತರೇ ನಿಗದಿಪಡಿಸಿದ್ದಾರೆ, ಬಳಸುವವನು ಬಳಸಬೇಕಷ್ಟೆ. ಕೃಷ್ಣದೇವರಾಯನ ಕಾಲದಲ್ಲಿ ನಾಗಲಾಪುರವಾಗಿದ್ದ ಊರು ಹೆಸರನ್ನು ಬದಲಿಸಿಕೊಂಡರೂ ಜನರ ನೆನಪಿನಲ್ಲಿ ಒಂದೇ ಊರಾಗಿ ಉಳಿದಿದೆ. ಕಾಗುಣಿತವನ್ನು ಎರಡು ಬಗೆಯಲ್ಲಿ ಹೊಂದಿಸಿದ ಮಾತ್ರಕ್ಕೆ ಯಂತ್ರದ ನೆನಪಿನಲ್ಲಿ ಅದು ಎರಡು ಊರುಗಳಾಗಬಾರದಲ್ಲವೇ?

ಹೀಗೆ ಸಿದ್ಧವಾದ ಜೋಡಿಗಳು ಪಯಣ ಹೊರಡಲು ಎರಡು ದಾರಿಗಳಿವೆ. ಗೆಟ್ ಎಂಬ ದಾರಿಯಲ್ಲಿ ಅವು ಪುಟದ ವಿಳಾಸಕ್ಕೆ ಅಂಟಿಕೊಂಡು ಎಲ್ಲರ ಕಣ್ಣಿಗೂ ಬೀಳುವಂತೆ ಹೋಗುತ್ತವೆ. ಅಂಚೆಯ ಕಾರ್ಡಿನ ಮೇಲೆ ಬರೆದ ಮಾತಿನಂತೆ ಅದು. ಬಸ್ಸಿನ ವೇಳೆಯನ್ನೋ ಪುಸ್ತಕದ ಹೆಸರನ್ನೋ ಹುಡುಕಲು ಈ ದಾರಿ ತಕ್ಕುದು, ಏಕೆಂದರೆ ಅಲ್ಲಿ ಕೇಳುವುದಷ್ಟೇ ಇದೆ, ಬದಲಾಯಿಸುವುದಿಲ್ಲ. ಪೋಸ್ಟ್ ಎಂಬ ದಾರಿಯಲ್ಲಿ ಜೋಡಿಗಳು ಸಂದೇಶದ ಒಡಲಿನೊಳಗೆ, ಲಕೋಟೆಯಲ್ಲಿಟ್ಟ ಪತ್ರದಂತೆ ಸಾಗುತ್ತವೆ. ಸೇವಾಕೇಂದ್ರದ ಒಂದೇ ಯಂತ್ರದ ಮುಂದೆ ದಿನವಿಡೀ ಹತ್ತಾರು ಮಂದಿ ಕುಳಿತೆದ್ದು ಹೋಗುವಲ್ಲಿ, ಹುಡುಗಿಯ ಆಧಾರ್ ಸಂಖ್ಯೆಯೂ ಬ್ಯಾಂಕಿನ ಖಾತೆಯೂ ವಿಳಾಸದ ಸಾಲಿನಲ್ಲಿ ಕಾಣುವಂತೆ ಹೋದರೆ, ಅವಳು ಎದ್ದುಹೋದ ಮೇಲೂ ಬ್ರೌಸರಿನ ಚರಿತ್ರೆಯ ಪಟ್ಟಿಯಲ್ಲಿ ಅವು ಉಳಿಯುತ್ತವೆ. ಆದರೆ ಲಕೋಟೆಯಲ್ಲಿಟ್ಟ ಮಾತ್ರಕ್ಕೆ ಪತ್ರ ಸುರಕ್ಷಿತವೆಂದು ತಿಳಿಯಬಾರದು. ದಾರಿಯಲ್ಲಿ ಯಾರೂ ಲಕೋಟೆಯನ್ನು ಬಿಚ್ಚದಂತೆ ಅರಗಿನ ಮುದ್ರೆಯೊತ್ತುವ ಕೆಲಸ ಗೂಢಲಿಪಿಯದು. ವಿಳಾಸದ ಆರಂಭದಲ್ಲಿ ಎಚ್‌ಟಿಟಿಪಿಎಸ್ ಎಂದಿರುವುದು ಆ ಮುದ್ರೆಯ ಗುರುತು.

ಪತ್ರ ತಲುಪುವ ಸ್ಥಳವೇ ಸರ್ವರ್. ಅಲ್ಲಿ ಅದನ್ನು ಮೊದಲು ಕೈಗೆತ್ತಿಕೊಳ್ಳುವ ಭಾಗಕ್ಕೆ ಕಂಟ್ರೋಲರ್, ಅಂದರೆ ನಿಯಂತ್ರಕನೆಂದು ಹೆಸರು. ನಾರ್ವೆ ದೇಶದ ಟ್ರಿಗ್ವೆ ರೀನ್‌ಸ್ಕಾಗ್ ಎಂಬ ವಿದ್ವಾಂಸನು ೧೯೭೮–೭೯ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯಕ್ಕೆ ಅತಿಥಿಯಾಗಿ ಬಂದಿದ್ದಾಗ, ತಂತ್ರಾಂಶದ ಕೆಲಸವನ್ನು ಮೂವರಿಗೆ ಹಂಚಬೇಕೆಂಬ ವಿಚಾರವನ್ನು ಮುಂದಿಟ್ಟನು. ಸಂಗತಿಗಳನ್ನೂ ಅವುಗಳ ನಿಯಮಗಳನ್ನೂ ಕಾಯುವುದು ಮಾಡೆಲ್. ಅವುಗಳನ್ನು ಕಣ್ಣಿಗೆ ತೋರಿಸುವುದು ವ್ಯೂ. ಹೊರಗಿನಿಂದ ಬಂದ ಮಾತನ್ನು ಸ್ವೀಕರಿಸಿ ಯಾರಿಗೆ ಒಪ್ಪಿಸಬೇಕೋ ಅವರಿಗೆ ಒಪ್ಪಿಸುವುದು ಕಂಟ್ರೋಲರ್. ಜಾಲಪುಟಗಳು ಹುಟ್ಟುವುದಕ್ಕೆ ಹತ್ತು ವರ್ಷ ಮೊದಲೇ ಮೂಡಿದ ಈ ವಿಚಾರ, ೧೯೯೫ರಲ್ಲಿ ಪ್ರಕಟವಾದ ಎಚ್‌ಟಿಎಂಎಲ್ ೨.೦ ನಿಯಮಾವಳಿ ಅರ್ಜಿಯ ಚೌಕಗಳಿಗೆ ಸ್ಥಿರರೂಪ ಕೊಟ್ಟ ಮೇಲೆ, ಜಾಲದ ಕೆಲಸಕ್ಕೆ ಅಚ್ಚುಕಟ್ಟಾಗಿ ಹೊಂದಿಕೊಂಡಿತು. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ನಿಯಂತ್ರಕನು ಟಪಾಲು ತೆರೆಯುವ ಶಿರಸ್ತೇದಾರ. ಅವನು ದಫ್ತರವನ್ನು ತಾನೇ ಇಟ್ಟುಕೊಳ್ಳತಕ್ಕವನಲ್ಲ. ಆದೇಶವನ್ನು ಅಂದವಾಗಿ ಬರೆಯತಕ್ಕವನೂ ಅಲ್ಲ. ಬಂದುದೇನು, ಅದು ಪೂರ್ಣವಾಗಿದೆಯೇ, ಯಾವ ಶಾಖೆಗೆ ಹೋಗಬೇಕು, ಅರ್ಜಿದಾರನಿಗೆ ಏನು ಉತ್ತರ ಹೇಳಬೇಕು ಎಂಬಿಷ್ಟೇ ಅವನ ಕರ್ತವ್ಯ.

ಈ ಶಿರಸ್ತೇದಾರನು ಪ್ರತಿಯೊಂದು ಸಂಗತಿಯನ್ನೂ ಅದರ ಒಳಹೆಸರು ಹಿಡಿದು ಕರೆಯುತ್ತಾನೆ. ಪುಟ ಬರೆದವನು ‘ತಂದೆಹೆಸರು’ ಎಂದು ಒಂದೇ ಪದವಾಗಿ ಹೆಸರಿಟ್ಟು, ನಿಯಂತ್ರಕನನ್ನು ಬರೆದವನು ‘ತಂದೆಯಹೆಸರು’ ಎಂದು ಕರೆದರೆ ಉತ್ತರ ಬರುವುದಿಲ್ಲ. ಎಷ್ಟೋ ಸಲ ತಪ್ಪೆಂಬ ಸೂಚನೆಯೂ ಬರುವುದಿಲ್ಲ. ಆ ಜಾಗ ಬರಿದಾಗಿ ಉಳಿಯುತ್ತದೆ, ಅರ್ಜಿ ಮುಂದೆ ಸಾಗುತ್ತದೆ. ಹುಡುಗಿಯು ತಂದೆಯ ಹೆಸರನ್ನು ಸರಿಯಾಗಿಯೇ ಬರೆದಿದ್ದಳು. ಆದರೂ ತಿಂಗಳ ಬಳಿಕ ‘ತಂದೆಯ ಹೆಸರು ನಮೂದಿಸಿಲ್ಲ’ ಎಂದು ಅರ್ಜಿ ತಿರಸ್ಕೃತವಾಗುತ್ತದೆ. ಇಬ್ಬರು ಕೆಲಸಗಾರರು ಒಂದು ಪದದ ಬಗ್ಗೆ ಪರಸ್ಪರ ಕೇಳಿಕೊಳ್ಳದಿದ್ದುದರ ಫಲವನ್ನು ಅವರನ್ನೆಂದೂ ಕಾಣದ ಮೂರನೆಯವಳು ಉಣ್ಣುತ್ತಾಳೆ. ಶಾಸನದ ಕಾಲದ ಮೌನ ಒಪ್ಪಂದವು ಇಲ್ಲಿ ಲಿಖಿತ ಒಪ್ಪಂದವಾಗಬೇಕು. ಒಳಹೆಸರುಗಳ ಪಟ್ಟಿಯೊಂದನ್ನು ಮೊದಲೇ ಬರೆದು ಇಬ್ಬರೂ ಅದಕ್ಕೆ ಬದ್ಧರಾಗುವುದು, ಕೆಲಸ ಮುಗಿದೊಡನೆ ನಿಜವಾದ ಅರ್ಜಿಯೊಂದನ್ನು ತುಂಬಿ ಕಳುಹಿಸಿ ದಫ್ತರದಲ್ಲಿ ಅದು ಹೇಗೆ ಕುಳಿತಿದೆಯೆಂದು ತೆರೆದು ನೋಡುವುದು, ಇವು ಅತಿ ಸಾಮಾನ್ಯವೆನಿಸಿದರೂ ಅತಿ ಅಗತ್ಯವಾದ ಶಿಸ್ತುಗಳು.

ಪತ್ರದೊಡನೆ ಭಾವಚಿತ್ರವನ್ನೋ ಅಂಕಪಟ್ಟಿಯನ್ನೋ ಲಗತ್ತಿಸುವಾಗ ಇನ್ನೊಂದು ಎಚ್ಚರಿಕೆ ಬೇಕು. ಕಡತ ಕಳುಹಿಸಬೇಕಾದ ಪುಟವು, ಒಡಲನ್ನು ಹಲವು ಭಾಗಗಳಾಗಿ ವಿಂಗಡಿಸಿ ಕಳುಹಿಸತಕ್ಕದ್ದೆಂದು ಬ್ರೌಸರಿಗೆ ಸ್ಪಷ್ಟವಾಗಿ ಹೇಳಬೇಕು. ಹೇಳದಿದ್ದರೆ ಕಡತದ ಹೆಸರು ಮಾತ್ರ ಹೋಗುತ್ತದೆ, ಕಡತ ಹೋಗುವುದಿಲ್ಲ. ‘ಲಗತ್ತುಗಳು: ಒಂದು’ ಎಂದು ಬರೆದು ಲಗತ್ತನ್ನೇ ಇಡದ ಪತ್ರದಂತೆ ಅದು. ನಗರದಲ್ಲಿ ಕುಳಿತು ಪುಟ ರೂಪಿಸಿದವನು ಚಿತ್ರದ ಗಾತ್ರಕ್ಕೆ ಮಿತಿಯನ್ನು ಹೇಳದೆ ಬಿಟ್ಟರೆ, ಸಂಡೂರಿನ ಗುಡ್ಡಗಳ ನಡುವಣ ಊರಿನಲ್ಲಿ, ದುರ್ಬಲವಾದ ಸಂಪರ್ಕದಲ್ಲಿ, ಅರ್ಧ ದಾರಿಗೆ ಹೋದ ಅರ್ಜಿ ಅಲ್ಲಿಯೇ ಮುಗಿಯುತ್ತದೆ.

ನಿಯಂತ್ರಕನು ಬಂದ ಮಾತನ್ನೆಲ್ಲ ನಂಬಬೇಕೇ? ನಂಬಕೂಡದು. ಪರದೆಯ ಮೇಲೆಯೇ ‘ಹತ್ತು ಅಂಕಿಗಳ ದೂರವಾಣಿ ಸಂಖ್ಯೆ ಬರೆಯಿರಿ’ ಎಂದು ತಡೆಯುವುದು ಅರ್ಜಿದಾರನಿಗೆ ತೋರುವ ಸೌಜನ್ಯ, ಅದು ಕಾವಲಲ್ಲ. ಪುಟವನ್ನು ತೆರೆಯದೆಯೇ ತನ್ನಿಚ್ಛೆಯ ಜೋಡಿಗಳನ್ನು ಪೋಣಿಸಿ ಸರ್ವರಿಗೆ ಕಳುಹಿಸಬಲ್ಲವರು ಲೋಕದಲ್ಲಿದ್ದಾರೆ. ಹಂಪಿಯ ವಿಠ್ಠಲ ದೇವಾಲಯಕ್ಕೆ ಪ್ರವೇಶ ಚೀಟಿ ಕೊಡುವ ಪುಟವೊಂದನ್ನು ಬರೆಯುವುದಾದರೆ, ಚೀಟಿಯ ದರವನ್ನು ಪುಟದಲ್ಲಿಯೇ ಗುಪ್ತವಾಗಿಟ್ಟು ಅಲ್ಲಿಂದ ಬಂದ ಮೊತ್ತವನ್ನೇ ಸ್ವೀಕರಿಸುವುದು ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಗಿರಾಕಿಯ ಕೈಗೆ ಕೊಟ್ಟಂತೆ. ಎಷ್ಟು ಮಂದಿ, ಅವರಲ್ಲಿ ಪ್ರವೇಶ ಶುಲ್ಕವಿಲ್ಲದ ಹದಿನೈದು ವರ್ಷದೊಳಗಿನ ಮಕ್ಕಳೆಷ್ಟು ಎಂಬುದನ್ನು ಕೇಳಬೇಕು. ಮೊತ್ತವನ್ನು ಸರ್ವರೇ ತನ್ನ ದಫ್ತರ ನೋಡಿ ಲೆಕ್ಕ ಹಾಕಬೇಕು. ಬರೆದುಕೊಟ್ಟ ಅಂಕಿಯನ್ನು ಪರೀಕ್ಷಿಸದೆ ಒಪ್ಪಿದರೆ ಏನಾಗುವುದೆಂಬುದನ್ನು ಸಂಡೂರು ಸೀಮೆಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಪರವಾನಗಿಗೆ ಮೀರಿದ ಅದಿರನ್ನು ಹೊತ್ತು ಲಾರಿಗಳು ಸಾಗಿದ ಕಥೆಯನ್ನು ೨೦೧೧ರ ಜುಲೈನಲ್ಲಿ ಸಲ್ಲಿಕೆಯಾದ ಲೋಕಾಯುಕ್ತ ವರದಿ ಬಯಲಿಗಿಟ್ಟಿತು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನೇ ತಡೆಹಿಡಿಯಿತು. ಕಾಗದದ ಮೇಲಣ ತೂಕ ಬೇರೆ, ತಕ್ಕಡಿಯ ತೂಕ ಬೇರೆ. ಎರಡನ್ನೂ ಹೋಲಿಸುವವನೇ ನಿಯಂತ್ರಕ.

ಕೇಳದೆ ಬಂದ ಮಾತನ್ನು ಸ್ವೀಕರಿಸದಿರುವುದೂ ಈ ಕಾವಲಿನ ಭಾಗವೇ. ಪುಟದಲ್ಲಿ ಇಲ್ಲದ ‘ಮಂಜೂರಾಗಿದೆ: ಹೌದು’ ಎಂಬ ಜೋಡಿಯನ್ನು ಯಾರಾದರೂ ಸೇರಿಸಿ ಕಳುಹಿಸಿದಾಗ, ಬಂದದ್ದನ್ನೆಲ್ಲ ಹಿಡಿಹಿಡಿಯಾಗಿ ದಫ್ತರಕ್ಕೆ ಸುರಿಯುವ ನಿಯಂತ್ರಕನು ಅದನ್ನೂ ಸುರಿದುಬಿಡುತ್ತಾನೆ. ೨೦೧೨ರ ಮಾರ್ಚ್ ತಿಂಗಳಲ್ಲಿ ಜಗತ್ಪ್ರಸಿದ್ಧವಾದ ಗಿಟ್‌ಹಬ್ ತಾಣದಲ್ಲಿ ಇಂಥದೇ ಸಡಿಲಿನಿಂದ, ಅಧಿಕಾರವಿಲ್ಲದ ಬಳಕೆದಾರನೊಬ್ಬನು ಇತರರ ಕಡತಕ್ಕೆ ಪ್ರವೇಶ ಪಡೆದು ಲೋಪವನ್ನು ತೋರಿಸಿಕೊಟ್ಟನು. ಅಲ್ಲಿಂದೀಚೆಗೆ, ಯಾವ ಯಾವ ಹೆಸರಿನ ಸಂಗತಿಗಳನ್ನು ಮಾತ್ರ ಸ್ವೀಕರಿಸತಕ್ಕದ್ದೆಂಬ ಪಟ್ಟಿಯನ್ನು ಮುಂದಿಟ್ಟುಕೊಳ್ಳುವ ಕ್ರಮ ಇನ್ನಷ್ಟು ಬಲಗೊಂಡಿತು.

ಇಷ್ಟೆಲ್ಲ ಸಂದೇಹ ಬೇಕು. ಆದರೆ ಸಂದೇಹವು ತಿರಸ್ಕಾರವಾಗಬಾರದು. ಅರ್ಜಿದಾರರಲ್ಲಿ ಸಾವಿರಕ್ಕೊಬ್ಬರು ಕಪಟಿಗಳಾದರೆ ಉಳಿದವರು ಕಂಪ್ಲಿಯ ಹುಡುಗಿಯಂಥವರು. ‘ಕೊನೆಯ ಹೆಸರು ಕಡ್ಡಾಯ’ ಎನ್ನುವ ಪುಟವು ಮನೆತನದ ಹೆಸರಿಲ್ಲದೆ ಒಂದೇ ಹೆಸರಿನಲ್ಲಿ ಬಾಳಿದ ಎಷ್ಟೋ ಕುಟುಂಬಗಳನ್ನು ಗೊಂದಲಕ್ಕೆ ದೂಡುತ್ತದೆ. ಕೇಂದ್ರದಲ್ಲಿ ಕುಳಿತವನು ಬೇರೆ ದಾರಿ ಕಾಣದೆ ಅಲ್ಲೊಂದು ಚುಕ್ಕಿಯನ್ನಿಡುತ್ತಾನೆ; ಆ ಚುಕ್ಕಿ ಹೆಸರಿನ ಭಾಗವಾಗಿ ಮುಂದಿನ ದಾಖಲೆಗಳಿಗೂ ಹರಿದುಬಂದು, ಒಂದು ದಿನ ‘ಹೆಸರು ಹೊಂದುತ್ತಿಲ್ಲ’ ಎಂಬ ಉತ್ತರಕ್ಕೆ ಕಾರಣವಾಗುತ್ತದೆ. ಚುಕ್ಕಿಯಿಟ್ಟವನನ್ನು ದೂರುವುದಕ್ಕಿಂತ ಚುಕ್ಕಿಯಿಡುವಂತೆ ಮಾಡಿದ ಚೌಕವನ್ನು ತಿದ್ದುವುದು ನ್ಯಾಯ. ತಪ್ಪು ಕಂಡಾಗ ‘ಮಾಹಿತಿ ಅಮಾನ್ಯ’ ಎಂದಿಷ್ಟೇ ಹೇಳಿ, ಅರ್ಧ ಗಂಟೆ ಕುಳಿತು ತುಂಬಿದ ಚೌಕಗಳನ್ನೆಲ್ಲ ಬರಿದು ಮಾಡಿ ಹಿಂದಿರುಗಿಸುವ ನಿಯಂತ್ರಕನು ನಿರ್ದಯಿ. ಒಳ್ಳೆಯ ಉಪಾಧ್ಯಾಯನು ಉತ್ತರಪತ್ರಿಕೆಯನ್ನು ಹರಿದೆಸೆಯುವುದಿಲ್ಲ. ತಪ್ಪಿದ ಪದದ ಕೆಳಗೆ ಗೆರೆ ಎಳೆದು, ಹೀಗಿರಬೇಕಿತ್ತೆಂದು ಬರೆದು, ಮಿಕ್ಕದ್ದನ್ನು ಹಾಗೆಯೇ ಮರಳಿಸುತ್ತಾನೆ. ಒಳ್ಳೆಯ ನಿಯಂತ್ರಕನ ಲಕ್ಷಣವೂ ಅದೇ.

ಇನ್ನು ಗುಂಡಿಯನ್ನು ಎರಡು ಬಾರಿ ಒತ್ತುವ ವಿಚಾರ. ಉತ್ತರ ತಡವಾದಾಗ, ವಿದ್ಯುತ್ತು ಹೋಗಿ ಬಂದಾಗ, ಮನುಷ್ಯನ ಕೈ ತಾನಾಗಿಯೇ ಮತ್ತೊಮ್ಮೆ ಗುಂಡಿಗೆ ಹೋಗುತ್ತದೆ. ಆಗ ಅದೇ ಪತ್ರ ಎರಡನೆಯ ಸಲ ತಲುಪಿ, ಒಬ್ಬಳೇ ಹುಡುಗಿಗೆ ಎರಡು ಅರ್ಜಿಗಳಾಗಿ, ಎರಡನೆಯದು ಮೊದಲನೆಯದಕ್ಕೆ ಮುಳುವಾಗಬಹುದು. ಇದಕ್ಕೆ ಪರಿಹಾರವಾಗಿ ಬಲ್ಲವರು ಒಂದು ಕ್ರಮವನ್ನು ರೂಢಿಗೆ ತಂದಿದ್ದಾರೆ. ಪೋಸ್ಟ್ ಮೂಲಕ ಬಂದುದನ್ನು ದಫ್ತರಕ್ಕೆ ಸೇರಿಸಿದೊಡನೆ ನಿಯಂತ್ರಕನು ಅಲ್ಲಿಯೇ ಉತ್ತರವನ್ನು ತೋರಿಸದೆ, ‘ಸ್ವೀಕೃತಿಯ ಪುಟಕ್ಕೆ ಹೋಗು’ ಎಂದು ಬ್ರೌಸರನ್ನು ಕಳುಹಿಸುತ್ತಾನೆ. ಬ್ರೌಸರ್ ಗೆಟ್ ದಾರಿಯಲ್ಲಿ ಹೋಗಿ ಆ ಪುಟವನ್ನು ತರುತ್ತದೆ. ಬಳಿಕ ಆ ಪುಟವನ್ನು ಎಷ್ಟು ಬಾರಿ ಹೊಸದಾಗಿ ತೆರೆದರೂ ಸ್ವೀಕೃತಿ ಮಾತ್ರ ಕಾಣುವುದು, ಅರ್ಜಿ ಮತ್ತೆ ಹೋಗದು. ಉತ್ತರ ಬರುವ ಮೊದಲೇ ಎರಡು ಬಾರಿ ಒತ್ತಿದ್ದಕ್ಕೆ ಇದೊಂದೇ ಸಾಲದು. ಪ್ರತಿ ಅರ್ಜಿಯೊಡನೆ ಒಮ್ಮೆ ಮಾತ್ರ ಸಲ್ಲುವ ಗುರುತಿನ ಚೀಟಿಯೊಂದನ್ನು ಗುಪ್ತವಾಗಿಟ್ಟು, ಅದೇ ಚೀಟಿ ಮತ್ತೆ ಬಂದರೆ ಎರಡನೆಯದನ್ನು ಮೊದಲನೆಯದೆಂದೇ ತಿಳಿಯಬೇಕು. ೨೦೧೨ರಿಂದ ರಾಜ್ಯದಲ್ಲಿ ಜಾರಿಯಲ್ಲಿರುವ ಸಕಾಲ ಪದ್ಧತಿಯಲ್ಲಿ ಅರ್ಜಿದಾರನ ಕೈಗೆ ಒಂದು ಸಂಖ್ಯೆ ಬರುವುದು ಇದೇ ಕಾರಣಕ್ಕಾಗಿ ಅಮೂಲ್ಯವಾದುದು. ‘ಕೊಟ್ಟಿದ್ದೇನೆ’ ಎಂಬ ಮಾತಿಗೆ ಅದು ಸಾಕ್ಷಿ.

ಕಂಪ್ಲಿಯ ಹುಡುಗಿಯ ವಿಳಾಸದ ತೊಡಕನ್ನು ಬಿಡಿಸುವ ಕೀಲಿಯೂ ನಿಯಂತ್ರಕನ ಬಳಿಯಲ್ಲಿಯೇ ಇದೆ. ಪಟ್ಟಿಯಿಂದ ಊರನ್ನು ಆರಿಸಿದಾಗ ಸರ್ವರಿಗೆ ಊರಿನ ಹೆಸರೇ ಹೋಗಬೇಕೆಂದಿಲ್ಲ; ಹೆಸರಿನ ಹಿಂದೆ ಇಟ್ಟ ಸಂಕೇತಸಂಖ್ಯೆ ಹೋಗಬಹುದು. ಕೇಂದ್ರ ಸರ್ಕಾರದ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಕೋಶವು ದೇಶದ ಪ್ರತಿಯೊಂದು ಗ್ರಾಮಕ್ಕೂ ಇಂಥ ಸಂಖ್ಯೆಯನ್ನು ಕೊಟ್ಟಿದೆ. ಕಾಗುಣಿತ ಬದಲಾದರೂ, ಜಿಲ್ಲೆ ಒಡೆದರೂ, ಊರನ್ನು ಗುರುತಿಸಲು ಸಂಖ್ಯೆಯೇ ಆಧಾರವಾಗುತ್ತದೆ. ಅದರೊಡನೆ ಹಳೆಯ ಹೆಸರುಗಳ ಪಟ್ಟಿಯೊಂದನ್ನೂ ದಫ್ತರದಲ್ಲಿಟ್ಟರೆ, ‘ಹೊಸಪೇಟೆ ತಾಲ್ಲೂಕು, ಬಳ್ಳಾರಿ ಜಿಲ್ಲೆ’ ಎಂಬ ಜನನ ಪತ್ರವು ಸುಳ್ಳಲ್ಲ, ಅಂದಿನ ಸತ್ಯ ಎಂಬುದು ಯಂತ್ರಕ್ಕೂ ತಿಳಿಯುತ್ತದೆ. ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯೊಂದನ್ನು ಕೇಳಿ, ಜಾತಿ ಆದಾಯಗಳ ವಿವರವನ್ನು ಸರ್ಕಾರದ ದಫ್ತರದಿಂದಲೇ ತರಿಸಿಕೊಳ್ಳುವ ಕ್ರಮ ವಿದ್ಯಾರ್ಥಿವೇತನದ ವಿಷಯದಲ್ಲಿ ಈಗಾಗಲೇ ಬಳಕೆಗೆ ಬಂದಿದೆ. ತಾನೇ ಕೊಟ್ಟ ಪತ್ರದಲ್ಲಿರುವುದನ್ನು ಮತ್ತೆ ಪ್ರಜೆಯ ಕೈಯಿಂದ ಬರೆಯಿಸದಿರುವುದು ಆಡಳಿತದ ಸೌಜನ್ಯವಷ್ಟೇ ಅಲ್ಲ. ಒಂದು ತಪ್ಪಿಗೆ ಇರುವ ದಾರಿಯನ್ನು ಮುಚ್ಚುವುದೂ ಹೌದು.

ಈ ವಿಚಾರಕ್ಕೂ ಶಾಲೆಗೂ ಇರುವ ಸಂಬಂಧ ದೂರದ್ದಲ್ಲ. ಪ್ರತಿ ವರ್ಷದ ಜೂನ್ ತಿಂಗಳಲ್ಲಿ ಪ್ರವೇಶ ಪುಸ್ತಕ ಹಿಡಿದು ವಿದ್ಯಾರ್ಥಿಗಳ ವಿವರವನ್ನು ಎಸ್‌ಎಟಿಎಸ್ ತಾಣಕ್ಕೆ ಏರಿಸುವ ಉಪಾಧ್ಯಾಯರು ಬಲ್ಲರು, ಅಲ್ಲಿ ತಪ್ಪಿದ ಒಂದು ಅಕ್ಷರ ಹತ್ತನೆಯ ತರಗತಿಯ ಅಂಕಪಟ್ಟಿಯವರೆಗೂ ಮಗುವನ್ನು ಹಿಂಬಾಲಿಸುತ್ತದೆಂಬುದನ್ನು. ಗುಂಡಿಯನ್ನು ಒತ್ತುವ ಮೊದಲು ತಾಯಿಯನ್ನೋ ತಂದೆಯನ್ನೋ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಹೆಸರನ್ನು ಗಟ್ಟಿಯಾಗಿ ಓದಿ ಹೇಳುವ ಎರಡು ನಿಮಿಷ, ಮುಂದೆ ಆ ಕುಟುಂಬ ಕಚೇರಿಗಳಿಗೆ ಅಲೆಯಬೇಕಾದ ಎಷ್ಟೋ ದಿನಗಳನ್ನು ಉಳಿಸುತ್ತದೆ. ದಾನಿಗಳ ಔದಾರ್ಯದಿಂದ ಶಾಲೆಗಳಲ್ಲಿ ತಲೆಯೆತ್ತಿರುವ ಗಣಕ ಕೊಠಡಿಗಳಲ್ಲಿ ಮಕ್ಕಳಿಗೆ ಚೌಕ ತುಂಬುವುದನ್ನು ಕಲಿಸಿದರೆ ಸಾಲದು. ಎರಡು ಚೌಕಗಳ ಒಂದು ಪುಟವನ್ನು ಅವರ ಕೈಯಿಂದಲೇ ಬರೆಯಿಸಿ, ಒಳಹೆಸರನ್ನು ಬೇಕೆಂದೇ ತಪ್ಪಿಸಿ, ಬರೆದ ಮಾತು ಹೇಗೆ ಕಾಣೆಯಾಗುತ್ತದೆಂಬುದನ್ನು ಒಮ್ಮೆ ತೋರಿಸಬೇಕು. ಆ ಪಾಠವನ್ನು ಕಂಡ ಮಗು ‘ಕಂಪ್ಯೂಟರ್ ತಗೊಳ್ತಿಲ್ಲ’ ಎಂಬ ಮಾತನ್ನು ಮುಂದೆಂದೂ ಸುಮ್ಮನೆ ಒಪ್ಪುವುದಿಲ್ಲ. ಯಾವ ಚೌಕದಲ್ಲಿ, ಏಕೆ ಎಂದು ಕೇಳುತ್ತದೆ.

ಇಂಥ ಶಾಲೆಗಳಲ್ಲಿ ಓದಿ ಬೆಂಗಳೂರಿನಲ್ಲಿಯೋ ಹೊರನಾಡಿನಲ್ಲಿಯೋ ತಂತ್ರಾಂಶ ಬರೆಯುತ್ತಿರುವ ಹಳೆಯ ವಿದ್ಯಾರ್ಥಿಗಳು ಹಲವರು. ಅವರ ಮೇಜಿನ ಮೇಲಿರುವ ನಿಯಂತ್ರಕನ ಹತ್ತಾರು ಸಾಲುಗಳ ಆಚೆ ತುದಿಯಲ್ಲಿ ತಮ್ಮೂರಿನದೇ ಒಂದು ಮನೆ ಇರಬಹುದು. ಹೊಸ ಪುಟವೊಂದು ಸಿದ್ಧವಾದಾಗ ಪರೀಕ್ಷೆಗೆಂದು ಕಾಲ್ಪನಿಕ ಹೆಸರುಗಳನ್ನು ತುಂಬುವುದು ರೂಢಿ. ಅದರ ಬದಲು ಹೆಬ್ಬೆಟ್ಟೊತ್ತಿ ಬದುಕಿದ ಅಜ್ಜಿಯ ಹೆಸರನ್ನು, ಮನೆತನದ ಹೆಸರಿಲ್ಲದೆ, ಕನ್ನಡದಲ್ಲಿ, ಹಳೆಯ ತಾಲ್ಲೂಕಿನ ವಿಳಾಸದೊಡನೆ ಒಮ್ಮೆ ತುಂಬಿ ನೋಡಲಿ. ಆ ಅರ್ಜಿ ತಡೆಯಿಲ್ಲದೆ ಸರ್ವರನ್ನು ತಲುಪಿ, ಬರೆದಂತೆಯೇ ದಫ್ತರದಲ್ಲಿ ಕುಳಿತು, ಸ್ವೀಕೃತಿಯ ಸಂಖ್ಯೆಯೊಂದನ್ನು ಹಿಡಿದು ಮರಳಿ ಬಂದರೆ, ಆ ಪುಟ ಜನರ ಬಳಕೆಗೆ ಸಿದ್ಧವಾಗಿದೆಯೆಂದು ತಿಳಿಯಬಹುದು.